ಕಲೀಪಳ ಕೊನೆಯ ಬಿಸುಪು

ಗುಡಾರದ ಬಾಗಿಲಲ್ಲೇ ಗುಲ್ಸುನ್ ಎಲ್ನೂರಾಳ ತೋಳು ಹಿಡಿದು ನಿಲ್ಲಿಸಿದಳು.

“ಅಮ್ಮನ ರಕ್ತ ಎಲ್ಲಿ?”

ಒಳಗೆ ಗುಲ್ಸುನಳ ತಾಯಿ ಕಲೀಪಳ ಹೆಣ ಪರದೆಯ ಹಿಂದಿತ್ತು. ಅಲ್ಲಿನ ವಾಡಿಕೆಯಂತೆ ಹೆಂಗಸರು ಗೋಡೆಗೆ ಮುಖ ಮಾಡಿ ಹಾಡಿ ಅಳುತ್ತಿದ್ದರು. ಹೊರಗೆ ಕೋಲೂರಿ ನಿಂತ ಗಂಡಸರು, ಕುದುರೆಯ ಮೇಲೆ ಯಾರಾದರೂ ಬಂದಾಗಲೆಲ್ಲ ಗಟ್ಟಿಯಾಗಿ ಗೋಳಿಡುತ್ತಿದ್ದರು.

“ನನ್ನ ಹತ್ರಾನೇ ಇದೆ, ಅಕ್ಕ.”

“ಕತ್ತರಿಸಿದ ಉಗುರನ್ನೂ ಮಣ್ಣಿಗೆ ಹಾಕ್ತಿದ್ದೋಳು ನಮ್ಮಮ್ಮ. ಒಂದು ಹನಿ ಹೊರಗಿಟ್ಕೊಂಡು ಹೇಗೆ ಕಳಿಸ್ಲಿ? ಕೊಡು ಇಲ್ಲಿ, ಜೊತೆಗೇ ಹೂಳ್ತೀವಿ. ನೀನು ಹೀರಿದ್ದಕ್ಕೇ ಹೋದ್ಲು ಅಂತಾರೆ ಜನ.”

“ಜನಕ್ಕೇನು ಕೆಲಸ!” ಒಳಗಿನಿಂದ ಪಕ್ಕದ ಮನೆಯ ಸಬೀರಾ ಅಳು ನಿಲ್ಲಿಸಿ ಗದರಿದಳು. “ನಿನ್ನೆ ರಕ್ತ ಕೊಟ್ಟು ನೇರ ನಮ್ಮನೆಗೆ ಬಂದು, ಹೊಟ್ಟೆತುಂಬ ಚಹಾ ಕುಡಿದು, ರೊಟ್ಟಿ ಸೀದಿದೆ ಅಂತ ನನ್ನನ್ನೂ ಬೈದು ಹೋದ್ಲು. ಅಷ್ಟು ಗಟ್ಟಿಯಾಗಿದ್ಲು ನಿಮ್ಮಮ್ಮ.”

ಇಷ್ಟು ಹೇಳಿ ಅವಳು ಬಿಟ್ಟಲ್ಲಿಂದ ಅಳು ಮುಂದುವರಿಸಿದಳು.

*

ನಗರದ ಪ್ರಯೋಗಾಲಯದ ಎಲ್ನೂರಾ ಈ ಬೆಟ್ಟದೂರಿಗೆ ಬರುತ್ತಿದ್ದುದು ಮುದುಕರ ರಕ್ತಕ್ಕಾಗಿ. ಉಳಿದವರು ತಕರಾರು ಮಾಡಿದರೆ, ಕಲೀಪ ತಾನಾಗಿಯೇ ತೋಳು ಚಾಚುತ್ತಿದ್ದಳು. ಜೀವಮಾನವಿಡೀ ಉಣ್ಣೆ ತುಳಿದು ಕಂಬಳಿ ಮಾಡಿದವಳು. ಕಿವಿ ಮಂದ, ಬಾಯಿ ಮಾತ್ರ ಚುರುಕು.

“ಏನು ಹುಡುಕ್ತೀಯೇ ಅದರಲ್ಲಿ?”

“ರೋಗದ ಜೊತೆ ಹೊಡೆದಾಡೋ ಕಣಗಳನ್ನ, ಅಜ್ಜಿ. ವಯಸ್ಸಾದ್ರೆ ಅವುಗಳ ಹೊರಪೊರೆ ಬಿಗಿಯಾಗುತ್ತೆ. ರೋಗ ಬಂತು ಅಂತ ಹೊರಗಿಂದ ಸುದ್ದಿ ಬಂದ್ರೂ ಒಳಗೆ ಸರಿಯಾಗಿ ಮುಟ್ಟಲ್ಲ.”

“ತುಳಿದೂ ತುಳಿದೂ ಗಟ್ಟಿಯಾದ ಕಂಬಳಿ ಅನ್ನು. ನನ್ನ ಹಾಗೇ ಕಿವುಡಾಗಿವೆ. ಸತ್ತಿಲ್ಲ ತಾನೇ?”

“ಇಲ್ಲಜ್ಜಿ. ಮತ್ತೆ ಮತ್ತೆ ಹೇಳಿದ್ರೆ ಕೆಲವು ಓಗೊಡ್ತವೆ.”

“ಅದೇ ನೋಡು! ನಮ್ಮ ಗುಲ್ಸುನ್ ಎರಡು ಸಲ ಕರೀತಾಳೆ, ಸಿಟ್ಟು ಮಾಡ್ಕೊಂಡು ಹೋಗ್ತಾಳೆ. ನಾನು ‘ಏನೇ?’ ಅನ್ನೋ ಹೊತ್ತಿಗೆ ಅವಳೇ ಇರಲ್ಲ.”

ಆ ರಕ್ತಕ್ಕೆ ಚಳಿ ತಾಗಬಾರದು. ಅದಕ್ಕೇ ಎಲ್ನೂರಾಳ ಗಾಡಿ ಹೊರಡುವವರೆಗೂ ಕಲೀಪ ರಕ್ತದ ನಳಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೂರುತ್ತಿದ್ದಳು, ಯಾರು ಕೇಳಿದರೂ ಕೊಡುತ್ತಿರಲಿಲ್ಲ. ನಿನ್ನೆ ಗಾಡಿ ಹೊರಡದ್ದರಿಂದ ಮಾತ್ರ ಅದನ್ನು ಎಲ್ನೂರಾಳ ಕೈಗೆ ಕೊಟ್ಟು ಹೋಗಿದ್ದಳು.

*

ಎಲ್ನೂರಾ ಕೋಟಿನೊಳಗಿಂದ ನಳಿಗೆ ತೆಗೆದು ಕೊಟ್ಟಳು.

“ನಿಮ್ಮದು, ಅಕ್ಕ. ಹೂಳೋದಾದ್ರೆ ಹೂಳಿ. ಆದ್ರೆ ಇದರೊಳಗಿನ ಕಣಗಳು ಇನ್ನೂ ಬದುಕಿವೆ. ಬೆಚ್ಚಗಿಟ್ಟು ಇವತ್ತೇ ಒಯ್ದರೆ ಇನ್ನೂ ಸ್ವಲ್ಪ ದಿನ ಇರ್ತವೆ.”

ಗುಲ್ಸುನ್ ನಳಿಗೆಯನ್ನು ನೋಡುತ್ತ ನಿಂತಳು. ಕಣ್ಣು ತುಂಬಿ ಬಂತು.

“ನಿನ್ನೆ ಸಂಜೆ ಕರೆದೆ. ಮಾತಾಡ್ಲಿಲ್ಲ. ಯಾವತ್ತಿನ ಹಾಗೇ ಅಂತ ಬೈಕೊಂಡು ಹಾಲು ಕರೆಯೋಕೆ ಹೋದೆ. ವಾಪಸ್ ಬಂದಾಗ ಹೋಗ್ಬಿಟ್ಟಿದ್ಲು. ಇನ್ನೊಂದು ಸಲ ಕರೀಬೇಕಿತ್ತು ಕಣೇ.”

ಅಷ್ಟರಲ್ಲಿ ಗಂಡಸರು ಬಂದು ಹೆಣವನ್ನು ಎತ್ತಿದರು. ಸಬೀರಾ ಬಾಗಿಲಿಗೆ ಬಂದಳು.

“ಏನು ಮಾಡಿದ್ಯೇ? ಗುಂಡಿಗೆ ಕಳಿಸ್ಬೇಕಾ ಅದನ್ನ? ಬೇಗ ಹೇಳು, ಹೊರಟ್ರು.”

“ಜೀವ ಇರೋದನ್ನ ಹೂಳ್ತಾರೇನತ್ತೆ?” ಎಂದಳು ಗುಲ್ಸುನ್. ಆಮೇಲೆ ಎಲ್ನೂರಾಳ ಕಡೆ ತಿರುಗಿ, “ನಿನ್ನ ಗಾಡಿ ಹೊರಡೋವರೆಗೂ ನಾನೇ ಹಿಡ್ಕೊಂಡಿರ್ತೀನಿ,” ಅಂದಳು.

ಗೋಳು ದಿನ್ನೆಯಾಚೆ ದೂರವಾಯಿತು. ಹೆಂಗಸರು ಚಹಾ ಬಟ್ಟಲುಗಳನ್ನು ಜೋಡಿಸತೊಡಗಿದರು. ಗುಲ್ಸುನ್ ಅಮ್ಮನ ಹಾಸಿಗೆಯ ಮೇಲೆ ಕೂತು, ಮುಷ್ಟಿಯನ್ನು ತುಟಿಯ ಹತ್ತಿರ ತಂದು, “ಅಮ್ಮಾ,” ಅಂದಳು.

ಸ್ವಲ್ಪ ಹೊತ್ತು ಕಾದಳು. ಮತ್ತೆ ಕರೆದಳು. ಎದ್ದು ಹೋಗಲಿಲ್ಲ.