ಕಿವುಡಾದ ಉಂಗುರ

ಬಾರಿಲೋಚೆ ಎಂಬ ಚಳಿಯೂರಿನ ಪ್ರಯೋಗಾಲಯದಲ್ಲಿ ಉಳಿದಿದ್ದು ಒಂದೇ ಪೀಪಾಯಿ ದ್ರವ ಹೀಲಿಯಂ. ಅದೂ ತಳ ಕಂಡಿತ್ತು. ಮುಂದಿನದು ಯಾವಾಗ ಎಂದರೆ ಕಚೇರಿಯವರು ಆಕಾಶ ತೋರಿಸುತ್ತಿದ್ದರು. ಹೀಲಿಯಂನ ಚಳಿಯಿಲ್ಲದೆ ಸಂಶೋಧಕಿ ಗ್ರಿಸೆಲ್ದಾಳ ಉಂಗುರಕ್ಕೆ ಜೀವವಿಲ್ಲ. ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟಿರುವ ಆ ಉಂಗುರ ಒಂದೇ ಒಂದು ಎಲೆಕ್ಟ್ರಾನಿನ ಕಾಂತತೆಯನ್ನು ಕೇಳಿಸಿಕೊಳ್ಳಬೇಕು. ಅದಕ್ಕೆ ಅದರ ಸ್ವಂತ ಗದ್ದಲ ಕಡಿಮೆಯಿರಬೇಕು. ಎಷ್ಟು ಕಡಿಮೆ ಎಂಬ ಅಂಕಿ ಇವತ್ತು ಸಿಕ್ಕರೆ ಅವಳ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಆರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಮಧ್ಯಾಹ್ನ ಅಂಕಿ ಬಂತು. ಇರಬಹುದಾದ ಗದ್ದಲದ ಅರ್ಧ ಮಾತ್ರ!

"ಡಾನ್ ಎವಾರಿಸ್ತೋ, ಬನ್ನಿ ಇಲ್ಲಿ! ಗದ್ದಲಾನೇ ಇಲ್ಲ ನೋಡಿ!"

ಮೂವತ್ತು ವರ್ಷದಿಂದ ಅಲ್ಲಿ ಹೀಲಿಯಂ ತುಂಬುತ್ತಿದ್ದ, ಎಲ್ಲರೂ ಗೌರವಕ್ಕೆ 'ಡಾನ್' ಎನ್ನುವ ಮುದುಕ ಯೆರ್ಬಾ ಎಲೆಯ ಕಷಾಯದ ಸೋರೆಬುರುಡೆ ಹಿಡಿದೇ ಬಂದ. ಕುಡಿದು ಬುರುಡೆ ಹಿಂದೆ ಕೊಡುವಾಗ 'ಗ್ರಾಸಿಯಾಸ್' ಎಂದು ಧನ್ಯವಾದ ಹೇಳಿದರೆ ಇನ್ನು ಸಾಕು ಎಂದರ್ಥ, ಅದು ಅಲ್ಲಿನ ರೂಢಿ. ಆರು ವರ್ಷದಲ್ಲಿ ಗ್ರಿಸೆಲ್ದಾ ಅದನ್ನು ಅಂದವಳೇ ಅಲ್ಲ. ಬಿಸಿನೀರು ಮುಗಿಯುವ ತನಕ ಕುಡಿಯುವವಳು.

"ಅಳತೆ ಮುಗಿದ್ಮೇಲೆ ಬಾಗಿಲು ತಟ್ಟಿ ನೋಡಿದ್ಯೇನಮ್ಮ?"

ಪಕ್ಕದ ಸುರುಳಿಯಲ್ಲಿ ಚೂರು ಕರೆಂಟು ಹರಿಸಿ ಉಂಗುರ ಓಗೊಡುತ್ತದೆಯೇ ನೋಡುವುದಕ್ಕೆ ಅವರಿಬ್ಬರು ಇಟ್ಟ ಹೆಸರು ಅದು.

"ಬೆಳಿಗ್ಗೆ ತಟ್ಟಿದ್ನಲ್ಲ."

"ಬೆಳಿಗ್ಗೆ ಉಂಡಿದ್ದು ಬೆಳಿಗ್ಗೆಗಾಯ್ತು. ಈಗ ತಟ್ಟು."

ತಟ್ಟಿದಳು. ತೆರೆಯ ಮೇಲಿನ ಗೆರೆ ಅಲುಗಲಿಲ್ಲ. ಹತ್ತು ಪಟ್ಟು ಜೋರಾಗಿ ತಟ್ಟಿದಳು. ಇಲ್ಲ.

ಮುದುಕನ ಕಣ್ಣು ಅವಳ ಸ್ವೆಟರಿನ ಮೇಲೆ ನಿಂತಿತು. ಉಣ್ಣೆ ತೊಟ್ಟವರು ಉಂಗುರದ ತಂತಿ ಮುಟ್ಟಬಾರದೆಂದು ಬಾಗಿಲ ಮೇಲೇ ಬರೆದಿದೆ. ಒಣ ಚಳಿಯಲ್ಲಿ ಉಣ್ಣೆಯ ಒಂದು ಕಿಡಿ ಸಾಕು, ಉಂಗುರ ಸುಟ್ಟುಹೋಗುತ್ತದೆ. ಹೀಟರ್ ಕೆಟ್ಟಿತ್ತು. ಚಳಿಗೆ ನಡುಗಿ ತೊಟ್ಟದ್ದನ್ನು ಮರೆತು, ಬೆಳಿಗ್ಗೆ ತಟ್ಟಿದ ಮೇಲೆ ಅವಳು ತಂತಿ ಬದಲಿಸಿದ್ದಳು. ಸತ್ತ ಉಂಗುರಕ್ಕೆ ಎಲ್ಲಿಯ ಗದ್ದಲ? ಅವಳು ಅಳೆದದ್ದು ಆಂಪ್ಲಿಫೈಯರಿನ ಗುಸುಗುಸು ಮಾತ್ರ.

"ಇನ್ನೊಂದು ಉಂಗುರ ಹಾಕೋಣ್ವಾ?" ಎಂದಳು.

"ತಣ್ಣಗಾಗೋ ಮೊದ್ಲೇ ಹೀಲಿಯಂ ಖಾಲಿ ಆಗುತ್ತೆ, ಮಗಳೇ." ಮುದುಕ ಮುಖ ತಿರುಗಿಸಿದ. "ಆ ಅಂಕೀನೇ ಕಚೇರಿಗೆ ಕಳಿಸ್ಬಿಡು. ನಾನೇನೂ ನೋಡಿಲ್ಲ."

ಅವಳು ಅಂಕಿ ಬರೆದ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇದನ್ನ ನಂಬ್ಕೊಂಡು ಇನ್ಯಾರೋ ಆರು ವರ್ಷ ಕಳೀತಾರೆ, ಡಾನ್ ಎವಾರಿಸ್ತೋ."

ಅಂಕಿಯ ಮೇಲೆ ಅಡ್ಡಗೆರೆ ಎಳೆದು ಅತ್ತಳು. ಅವನು ಬುರುಡೆ ತುಂಬಿ ಕೊಟ್ಟ. ಅವಳು ಕುಡಿದಳು. ಮತ್ತೆ ತುಂಬಲು ಅವನು ಕೈ ಚಾಚಿದ. ಫ್ಲಾಸ್ಕಿನಲ್ಲಿ ಇನ್ನೂ ಅರ್ಧ ನೀರಿತ್ತು.

"ಗ್ರಾಸಿಯಾಸ್," ಎಂದಳು.