ಕೈಯಾರೆ ಕೊಟ್ಟ ನೋಟಿಸ್

"ನೋಟಿಸನ್ನ ನೀವೇ ಹೋಗಿ ಕೊಟ್ರಾ?" ನ್ಯಾಯಾಧೀಶರು ಕನ್ನಡಕ ತೆಗೆದು ಕೇಳಿದರು.

"ಹೌದು ಸ್ವಾಮಿ. ಈಜುಕೊಳದ ಮ್ಯಾನೇಜರ್ ಕೈಗೇ ಕೊಟ್ಟು ಸಹಿ ಹಾಕಿಸ್ಕೊಂಡು ಬಂದೆ," ಎಂದಳು ಪೋಸ್ಟಮ್ಮ ಹೆಮ್ಮೆಯಿಂದ. ಮನೆಮನೆಗೆ ಕಾಗದ ಹಂಚುವುದೇ ಅವಳ ಉದ್ಯೋಗ. ಇಷ್ಟು ಮುಖ್ಯವಾದ ಕಾಗದವನ್ನು ಇನ್ನೊಬ್ಬರ ಕೈಗೆ ಕೊಡಲು ಅವಳಿಗೇನು ಹುಚ್ಚೇ?

ಎಡವಟ್ಟಾದದ್ದು ಅಲ್ಲೇ. ದಾವೆ ಹೂಡಿದವರು ತಾವೇ ನೋಟಿಸ್ ತಲುಪಿಸುವಂತಿಲ್ಲ, ಬೇರೆ ಯಾರಾದರೂ ತಲುಪಿಸಬೇಕು ಎಂಬುದು ನಿಯಮ. ಎದುರು ಪಕ್ಷದ ವಕೀಲರು ಅದೊಂದನ್ನೇ ಹಿಡಿದು ಜಗ್ಗಿದರು. ಮೈಮೇಲೆ ತೊನ್ನಿದೆ, ಉಳಿದವರು ಅಸಹ್ಯಪಡುತ್ತಾರೆ ಎಂದು ಊರಿನ ಈಜುಕೊಳದ ಬಾಗಿಲಿನಿಂದಲೇ ಅವಳನ್ನು ವಾಪಸು ಕಳಿಸಿದ್ದು ಸರಿಯೋ ತಪ್ಪೋ ಎಂಬ ಮಾತೇ ಏಳಲಿಲ್ಲ. ವಕೀಲರನ್ನಿಟ್ಟುಕೊಳ್ಳದೆ ತಾನೇ ಬರೆದು, ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಗಂಟಲಲ್ಲೇ ಉಳಿಯಿತು. ದಾವೆ ವಜಾ ಆಯಿತು.

"ಮತ್ತೆ ಹಾಕಬಹುದಾ ಸ್ವಾಮಿ?"

"ಧಾರಾಳವಾಗಿ. ನಿಮ್ಮ ಮಾತನ್ನ ನಾನಿನ್ನೂ ಕೇಳೇ ಇಲ್ವಲ್ಲ. ನೋಟಿಸ್ ಸರಿಯಾಗಿ ಹೋದ್ರೆ ಅವರು ಉತ್ತರ ಕೊಡ್ಲೇಬೇಕು."

ಹೊರಗೆ ಬೆಂಚಿನ ಮೇಲೆ ಅತ್ತೆ ಕಾದಿದ್ದರು. ಗೊಣಗುತ್ತಲೇ ಬಂದಿದ್ದವರು. ಮದುವೆಯಾದಾಗಿನಿಂದ ಸೊಸೆಗೆ ಉದ್ದ ತೋಳಿನ ಅಂಗಿಯನ್ನೇ ತೊಡಿಸಿದ್ದವರೂ ಅವರೇ. ನೋಡಿದವರು ನಾಲ್ಕು ಮಾತಾಡುತ್ತಾರೆ ಎಂಬ ಅಂಜಿಕೆ.

"ಕೇಸು ಬಿದ್ದೋಯ್ತು ಅತ್ತೆ. ನಾನೇ ಕೊಟ್ಟಿದ್ದು ತಪ್ಪಂತೆ. ಇನ್ಯಾರನ್ನ ಹುಡುಕ್ಲಿ? ಆಫೀಸಲ್ಲಿ ಯಾರೂ ಈ ಗೋಜಿಗೆ ಬರಲ್ಲ."

ಅಷ್ಟರಲ್ಲಿ ಈಜುಕೊಳದ ಮ್ಯಾನೇಜರು ವಕೀಲರ ಜೊತೆ ನಗುತ್ತ ಹೊರಬಂದ. "ಕಾಗದ ಹಂಚೋಳಿಗೆ ಒಂದು ಕಾಗದ ತಲುಪಿಸೋಕೆ ಬರ್ಲಿಲ್ಲ ನೋಡಿ!"

ಅತ್ತೆಯ ಮುಖ ಕೆಂಪಗಾಯಿತು. ಸೊಸೆಯನ್ನು ಅನ್ನುವುದು ಆಡುವುದು ಅತ್ತೆಯ ಹಕ್ಕು, ದಾರಿಹೋಕರದಲ್ಲ.

"ಹೊಸದಾಗಿ ಬರಿಯೇ," ಎಂದರು. "ನಾನು ಕೊಡ್ತೀನಿ."

ಹೊಸ ದಾವೆ ದಾಖಲಾದ ದಿನವೇ ಇಬ್ಬರೂ ಈಜುಕೊಳಕ್ಕೆ ಹೋದರು. ಪೋಸ್ಟಮ್ಮ ಗೇಟಿನ ಹೊರಗೇ ನಿಂತಳು. ಕೌಂಟರಿನಲ್ಲಿದ್ದ ಮ್ಯಾನೇಜರು ತಲೆಯೆತ್ತಿದ.

"ಏನಜ್ಜಿ, ಈಜೋಕೆ ಬಂದ್ರಾ?"

"ನಾನಲ್ಲಪ್ಪ, ನನ್ನ ಸೊಸೆ ಬರ್ತಾಳೆ. ಇಲ್ಲಿ ಸಹಿ ಹಾಕು."

ಅವನ ನಗು ಇಳಿಯಿತು. ಕಾಗದವನ್ನು ಹಿಂದೆ ಮುಂದೆ ತಿರುಗಿಸಿದ. ಅತ್ತೆ ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು. "ನಿಧಾನಕ್ಕೆ ಓದು. ನನಗೇನೂ ಅವಸರ ಇಲ್ಲ."

ಬೇರೆ ದಾರಿ ಕಾಣದೆ ಅವನು ಸಹಿ ಹಾಕಿದ. ಅತ್ತೆ ಎದೆ ಸೆಟೆದುಕೊಂಡು ಹೊರಬಂದರು. ಪೋಸ್ಟಮ್ಮನಿಗೆ ಕೇಸನ್ನೇ ಗೆದ್ದಷ್ಟು ಖುಷಿ, ಅಲ್ಲೇ ಕುಣಿಯಬೇಕೆನಿಸಿತು.

ಸಹಿಯಾದ ಪ್ರತಿಯನ್ನು ಅವಳ ಚೀಲಕ್ಕೆ ತುರುಕಿ ಅತ್ತೆ ಅವಳನ್ನೇ ದಿಟ್ಟಿಸಿದರು.

"ಎಂಥ ಸೆಕೆ! ಅದ್ಯಾಕೆ ಹಾಗೆ ಮುಚ್ಕೊಂಡಿದ್ದೀಯ? ಕೈ ಕೊಡು ಇಲ್ಲಿ."

ಪೋಸ್ಟಮ್ಮ ಕೈ ಚಾಚಿದಳು. ಜನ ಹೋಗಿಬರುತ್ತಿದ್ದ ಗೇಟಿನೆದುರೇ ನಿಂತು, ಅತ್ತೆ ಮುಂಗೈಯ ಗುಂಡಿ ಬಿಚ್ಚಿ, ಅಂಗಿಯ ತೋಳನ್ನು ಮೊಣಕೈಯವರೆಗೂ ನೀಟಾಗಿ ಮಡಚಿದರು. ಆಮೇಲೆ ಇನ್ನೊಂದು ಕೈ ಕೇಳಿದರು.