ಛತ್ರಿ ಹಿಡಿದ ಕೈ

ಲಗಮಣ್ಣನ ಬಲಭುಜ ಎಡಭುಜಕ್ಕಿಂತ ನಾಲ್ಕು ಬೆರಳು ಮೇಲಿತ್ತು. ಇಪ್ಪತ್ತೆಂಟು ವರ್ಷ ದೊರೆಯ ತಲೆಯ ಮೇಲೆ ಛತ್ರಿ ಹಿಡಿದು, ದೊರೆಯ ಹೆಜ್ಜೆಗೆ ಹೆಜ್ಜೆ ಕೂಡಿಸಿ, ಅವರ ನೆರಳನ್ನು ಮಾತ್ರ ತುಳಿಯದೆ ನಡೆದ ಆ ದೇಹ, ಸಂಸ್ಥಾನವು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗಿ ಛತ್ರಿ ಉಗ್ರಾಣ ಸೇರಿದ ಮೇಲೂ ಸೇವೆಯಿಂದ ನಿವೃತ್ತವಾಗಲಿಲ್ಲ. ಜಮಖಂಡಿಯ ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಆ ಭುಜ ಕಣ್ಣಿಗೆ ಕಾಣದ ಯಾರೋ ಮಹಾರಾಜನಿಗೆ ನೆರಳು ಮಾಡುತ್ತಲೇ ಇತ್ತು.

ಅರಮನೆ ಚಿತ್ರಶಾಲೆಯಾದಾಗ ಅವನನ್ನು ಅದರ ಕಾವಲಿಗೆ ಇಟ್ಟುಕೊಂಡು ಒಂದು ಖಾಕಿ ಕೋಟು ಕೊಟ್ಟರು. ಹುನ್ನೂರಿನ ಕುರುಬರ ಮನೆಯವನು. ಕೋಟಿನ ಮೇಲೆ ಕಂಬಳಿ ಹೊದೆಯದೆ ಒಂದು ದಿನವೂ ಬಾಗಿಲು ತೆರೆದವನಲ್ಲ. ಯಾರಾದರೂ ಆಕ್ಷೇಪಿಸಿದರೆ, "ಕೋಟ ಸರಕಾರದ್ದರಿ, ಥಂಡಿ ನಂದರಿ" ಎನ್ನುತ್ತಿದ್ದ. ರಬಕವಿ-ಬನಹಟ್ಟಿಯ ನೇಕಾರರು ರಾಣಿಯರ ಮುಖ ಬಿಟ್ಟು ಸೀರೆಯ ಅಂಚು ನೋಡುತ್ತಾರೆಂದೂ, ಮುಧೋಳದವರು ನೆಟ್ಟಗೆ ನಾಯಿಯ ಬಳಿಗೆ ಹೋಗುತ್ತಾರೆಂದೂ ಅವನಿಗೆ ತಿಳಿದಿತ್ತು.

ಆ ನಾಯಿ ಇದ್ದದ್ದು ದೊಡ್ಡ ಸಭಾಂಗಣದ ತೈಲಚಿತ್ರದಲ್ಲಿ. ನಡುವೆ ಗಂಭೀರವಾಗಿ ನಿಂತ ದೊರೆ, ಬಲಕ್ಕೆ ಮೋತಿಯೆಂಬ ಬೇಟೆನಾಯಿ, ಎಡಕ್ಕೆ ಛತ್ರಿಯ ಬೆಳ್ಳಿಕೋಲು, ಅದನ್ನು ಹಿಡಿದ ಸೊಟ್ಟ ಕಿರುಬೆರಳಿನ ಒಂದು ಕೈ. ಮಣಿಕಟ್ಟಿಗೆ ಚಿತ್ರ ಮುಗಿದಿತ್ತು. ಕೆಳಗಿನ ಚೀಟಿಯಲ್ಲಿ ದೊರೆಯ ಹೆಸರಿತ್ತು; ಮೋತಿಯ ಹೆಸರೂ ಇತ್ತು. ಬಂದವರಿಗೆ ಎಲ್ಲ ಚಿತ್ರಗಳ ಕಥೆ ಹೇಳುವ ಲಗಮಣ್ಣ ಆ ಕೈಯ ಮಾತು ಎತ್ತಿದ್ದು ಹೆಂಡತಿ ಸತ್ಯವ್ವನೆದುರು ಮಾತ್ರ. "ಮಹಾರಾಜ್ರ ಸಂಗಾಟ ನಾನೂ ಚಿತ್ರದಾಗ ಅದೀನಿ" ಎಂದು ಹದಿನೈದು ವರ್ಷ ಹೇಳಿದ್ದ. ಅರಮನೆಯ ಹೊಸ್ತಿಲು ದಾಟುವ ಹಕ್ಕಿಲ್ಲದ ಅವಳು ನಂಬಿದವಳಂತೆ ನಕ್ಕು ರೊಟ್ಟಿ ಬಡಿಯುತ್ತಿದ್ದಳು. ಈಗ ಬಾಗಿಲು ಎಲ್ಲರಿಗೂ ತೆರೆದಿತ್ತು. ಬರುವ ಸೋಮವಾರ ನೋಡಲು ಬರುತ್ತೇನೆಂದಿದ್ದಳು.

ಅದೇ ವಾರ ಆ ಚಿತ್ರದ ಚೌಕಟ್ಟಿಗೆ ಗೆದ್ದಲು ಹತ್ತಿದ್ದು ಕಂಡಿತು. ಹಿಂದೆ ಅರಮನೆಯ ದಫ್ತರ ನೋಡಿಕೊಂಡಿದ್ದು ಈಗ ಚಿತ್ರಶಾಲೆಯ ವ್ಯವಸ್ಥಾಪಕರಾಗಿದ್ದ ದತ್ತಾತ್ರೇಯ ಪಂತರು ಉಗ್ರಾಣದಿಂದ ಬೇರೆ ಚೌಕಟ್ಟು ತರಿಸಿದರು. ಅಳೆದರೆ ನಾಲ್ಕು ಬೆರಳು ಕಿರಿದು. ಬಡಿಗ ಕಾಶಪ್ಪ ಚಿತ್ರದ ಎಡ ಅಂಚನ್ನು ಹಿಂದಕ್ಕೆ ಮಡಚಲು ಕೈ ಹಾಕಿದ.

ಜನ್ಮದಲ್ಲಿ ಏನನ್ನೂ ಬೇಡದ ಲಗಮಣ್ಣ ಅಡ್ಡ ಬಂದ. "ಆ ಕಡಿ ಮಡಚಬ್ಯಾಡ್ರಿ."

"ಯಾಕೋ ಲಗಮಾ? ಅಲ್ಲೇನದ?" ಎಂದರು ಪಂತರು.

"ಕೈ ಐತ್ರಿ."

"ಹಂಗಾರ ಈ ಕಡೆ ಮಡಚಲೇನು? ಮೋತಿ ಮಾರಿ ಹೋಗ್ತದ."

ಲಗಮಣ್ಣ ನಾಯಿಯ ಮುಖ ನೋಡಿದ. ಅವನ ಬುತ್ತಿಯ ಅರ್ಧ ರೊಟ್ಟಿ ತಿಂದು ಬೆಳೆದ ಪ್ರಾಣಿ ಅದು. "ಅದೂ ಬ್ಯಾಡ್ರಿ" ಎಂದವನು, ನೆಲ ನೋಡುತ್ತ, "ಕೈ ಇಲ್ಲಂದ್ರ ಛತ್ರಿ ಹ್ಯಾಂಗ ನಿಂತೀತ್ರಿ?" ಎಂದ.

ಆ ಏರಿದ ಭುಜವನ್ನು ಪಂತರು ದಿನವೂ ನೋಡುವವರೇ. ಅಂದು ಮೊದಲ ಸಲ ಅದನ್ನು ಚಿತ್ರದ ಕೈಯೊಡನೆ ಕೂಡಿಸಿ ನೋಡಿದರು, ನೋಡಿ ನಾಚಿದರು. "ಕಾಶಪ್ಪ, ಚಿತ್ರ ಮುಟ್ಟಬ್ಯಾಡ. ಚೌಕಟ್ಟು ಕೊಯ್ದು ನಾಕ ಬೆರಳು ಕಟಗಿ ಕೂಡಸು" ಎಂದರು. ಬಂಗಾರದ ಬಣ್ಣ ಸಿಗಲಿಲ್ಲ. ಮಿರುಗುವ ಚೌಕಟ್ಟಿನ ನಡುವೆ ಬೇವಿನ ತುಂಡುಗಳು ಬರಿಮೈಯಲ್ಲೇ ಉಳಿದವು.

ಸೋಮವಾರ ಸತ್ಯವ್ವ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು, ಮೊದಲು ದೊರೆಗೆ ಕೈ ಮುಗಿದಳು. ಆಮೇಲೆ ಅಂಚಿಗೆ ಸರಿದು ಸೊಟ್ಟ ಕಿರುಬೆರಳನ್ನು ಬಹಳ ಹೊತ್ತು ನೋಡಿದಳು.

"ಖರೇನ ನಿಮ್ಮ ಕೈನ ಐತ್ರಿ. ಮಾರಿ ಎಲ್ಲೈತಿ?"

"ಮಾರಿ ಹೊರಗ ಉಳೀತು" ಎಂದ ಲಗಮಣ್ಣ. ಅವನ ದನಿ ಸಣ್ಣದಾಗಿತ್ತು.

ಸತ್ಯವ್ವ ಗಂಡನ ಮುಖದ ಕಡೆ ತಿರುಗಿದಳು. "ಛಲೋ ಆತು ಬಿಡ್ರಿ. ಅದು ನಮ್ಮ ಮನಿಗೆ ಬೇಕಿತ್ತು."

ಇಂಥವರ ಹೆಸರು ಯಾವ ಚೀಟಿಯಲ್ಲೂ ಇರುವುದಿಲ್ಲ. ಇರಬೇಕೆಂದು ಅವರು ಕೇಳುವುದೂ ಇಲ್ಲ. ಹಿಡಿದದ್ದನ್ನು ಬೀಳಗೊಡದ ಈ ಜನ ಪ್ರತಿಯೊಂದು ವೈಭವದ ಅಂಚಿನಲ್ಲೂ ಮಣಿಕಟ್ಟಿನವರೆಗೆ ಮಾತ್ರ ನಿಂತಿರುತ್ತಾರೆ. ಅವರನ್ನು ಪೂರ್ತಿಯಾಗಿ ನೋಡಬೇಕಾದರೆ ಚಿತ್ರದಿಂದ ಕಣ್ಣು ತೆಗೆದು, ಸತ್ಯವ್ವ ತಿರುಗಿದಂತೆ, ಪಕ್ಕಕ್ಕೆ ತಿರುಗಬೇಕು.